ಬೇಜಾರಿಗೆ ಎಷ್ಟು ಅಂಕ

ಅಬರಿಸ್ಟ್ವಿತ್, ನವೆಂಬರ್. ನಾಲ್ಕೂವರೆಗೇ ಕತ್ತಲು.
ಕೌನ್ಸೆಲಿಂಗ್ ಕೋಣೆಯ ಹೊರಗೆ
ಹೀಟರಿಗೆ ಬೆನ್ನು ಕೊಟ್ಟು ಫಾರಂ ತುಂಬುತ್ತಿದ್ದೆ.
ಒಂಬತ್ತು ಪ್ರಶ್ನೆ.
ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹೀಗನ್ನಿಸಿತು?
ಸೊನ್ನೆ, ಒಂದು, ಎರಡು, ಮೂರು.

ಯಾವ ಎರಡು ವಾರ?
ಈಮೇಲ್ ಮಾಡಿದ್ದು ಸೆಪ್ಟೆಂಬರಿನಲ್ಲಿ.
ಆಗ ನಿದ್ದೆ ಇರಲಿಲ್ಲ, ಈಗ ನಿದ್ದೆ ಬಿಟ್ಟು ಬೇರೇನೂ ಇಲ್ಲ.
ಸರತಿ ಬರುವಷ್ಟರಲ್ಲಿ
ರೋಗವೇ ವೇಷ ಬದಲಿಸಿತ್ತು.

ಹುಲ್ಲಿನ ತಳಿಗಳ ಮೇಲೆ ನನ್ನ ಸಂಶೋಧನೆ.
ತೆನೆಗೆ ಕಾಳೆಷ್ಟು, ಮೊಳೆತದ್ದೆಷ್ಟು,
ಎಣಿಕೆಗೆ ಹೆದರುವವಳಲ್ಲ.
ಆದರೆ ಬೇಜಾರನ್ನು ಹೇಗೆ ಎಣಿಸಲಿ?
ಬಸ್ಸು ತಪ್ಪಿದರೂ ಬೇಜಾರು,
ಅಕ್ಕ ಮಾತು ಬಿಟ್ಟರೂ ಬೇಜಾರು,
ಕೆಲಸವಿಲ್ಲದಿದ್ದರೂ, ಕೆಲಸ ಮುಗಿಯದಿದ್ದರೂ ಅದೇ,
ಸಾಲ ಕೇಳುವವರೂ 'ಬೇಜಾರು ಮಾಡ್ಕೋಬೇಡಿ' ಅಂತ
ಅದನ್ನೇ ಹಾಸಿ ಕೂರುತ್ತಾರೆ.
ಬೆಳಿಗ್ಗೆ ಬ್ರಷ್ಷು ಕೈಯಲ್ಲಿ ಹಿಡಿದು
ಇಪ್ಪತ್ತು ನಿಮಿಷ ನಲ್ಲಿ ನೋಡುತ್ತ ನಿಂತದ್ದಕ್ಕೂ
ನನ್ನ ಬಳಿ ಇರುವುದು ಅದೊಂದೇ ಪದ.
ಅಂಚಿನಲ್ಲಿ ಕನ್ನಡದಲ್ಲೇ ಬರೆದೆ, ಗೀಚಿ ಅಳಿಸಿದೆ.

ಒಂಬತ್ತನೆಯದರ ಎದುರು 'ಒಂದು' ಎಂದು ಬರೆದೆ.
ಇದು ಯಾರ ಮೇಜಿಗೆ ಹೋಗುತ್ತದೋ,
ಗೈಡಿಗೋ, ವೀಸಾದವರಿಗೋ.
ಹೊಡೆದುಹಾಕಿ ಸೊನ್ನೆ ಸುತ್ತಿದೆ.

ಎಲೆರಿ ಹ್ಯೂಸ್, ಐವತ್ತು ದಾಟಿದವರು, ನೆಗಡಿಯ ಮೂಗು.
ಸೊನ್ನೆಯ ಮೇಲೆ ಬೆರಳಿಟ್ಟು ಕೇಳಿದರು:
"ಇಲ್ಲಿ ಮೊದಲು ಏನಿತ್ತು?"
ಮರುಕದ ದನಿಯಲ್ಲ, ಪೊಲೀಸಿನದೂ ಅಲ್ಲ,
ಉಪ್ಪು ಎಲ್ಲಿಟ್ಟಿದ್ದೀರಿ ಎಂದು ಕೇಳಿದ ಹಾಗೆ.
"ಒಂದು."
ಗೈಡಿಗೆ ಹೋಗುವುದಿಲ್ಲ ಎಂದರು.
ಯಾವಾಗ, ಯಾರಿಗೆ ಹೇಳಲೇಬೇಕಾಗುತ್ತದೆ ಎಂಬುದನ್ನೂ
ಮುಚ್ಚಿಡದೆ ಬಿಡಿಸಿ ಹೇಳಿದರು.
ಆ ರಾತ್ರಿಗಳ ಬಗ್ಗೆ ನೇರ ಕೇಳಿದರು, ನೇರ ಹೇಳಿದೆ.
ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ಅಂಚಿನ ಗೀಚು ತೋರಿಸಿ:
"ಇದು ನನಗೆ ಓದಲು ಬರುವುದಿಲ್ಲ. ಹೇಳಿಕೊಡಿ."

ಉಳಿದ ಅರ್ಧ ಗಂಟೆ ಅದರಲ್ಲೇ ಹೋಯಿತು.
ಬಸ್ಸು, ಅಕ್ಕ, ನಲ್ಲಿ.
ತಮ್ಮ ವೆಲ್ಷ್‌ನಲ್ಲೂ ಇಂಥದ್ದೊಂದಿದೆ ಅಂತ ಅವರು ಹೇಳಲಿಲ್ಲ,
ಅರ್ಥವಾಯಿತು ಅಂತಲೂ.
ಮೂಗು ಒರೆಸಿಕೊಂಡು
"ನಲ್ಲಿಯಲ್ಲಿ ನೀರು ಬರುತ್ತಿತ್ತೆ?" ಎಂದರು.
ಬರುತ್ತಿತ್ತು. ಯಾರಿಗೂ ಹೇಳಿರಲಿಲ್ಲ ಅದನ್ನು.

ಒಟ್ಟು ಆರು ಭೇಟಿ, ಅದು ನಿಯಮ. ಐದು ಉಳಿದಿವೆ.
ಸಾಲದು ಅಂತ ಅವರಿಗೂ ಗೊತ್ತು;
ಏಳನೆಯದಕ್ಕೆ ಈಗಲೇ ಅರ್ಜಿ ಬರೆಯೋಣ ಎನ್ನುತ್ತ
ಬಾಗಿಲ ತನಕ ಬಂದರು.

ಕಡಲ ದಂಡೆಯುದ್ದಕ್ಕೂ ನಡೆದೆ.
ಕೊನೆಯ ಕಬ್ಬಿಣದ ಕಂಬಿಗೆ
ಇಲ್ಲಿ ಓದುವವರೆಲ್ಲ ಒದೆಯುವ ಹಾಗೆ
ನಾನೂ ಒದ್ದೆ. ಅಲೆ ಹಾರಿ ಕಾಲುಚೀಲವೂ ಒದ್ದೆ.
ಹೆಬ್ಬೆರಳು ನೋಯುತ್ತಿದೆ.
ಇದಕ್ಕಾದರೆ ಅಂಕ ಕೊಡಬಲ್ಲೆ: ಎರಡು.