ಹತ್ತಕ್ಕೆ ಆರು

ಒಳ್ಳೆಯ ಆಟಗಳೆಲ್ಲ ಸಂಪಾದಕ ಸ್ಕೆಲ್ಟನ್ನನ ಮೇಜಿಗೆ.
ತೀರಾ ಕೆಟ್ಟವು ನಯಲ್‌ಗೆ; ಅವನ ಬೈಗುಳಕ್ಕೆ
ಓದುಗರುಂಟು, ಪತ್ರಗಳುಂಟು, ಒಬ್ಬಳು ಕೇಕ್ ಕೂಡ ಕಳಿಸಿದ್ದಳು.
ನಡುವಿನವು ನನಗೆ.
ಹಲ್ ಊರಿನ ಹೆಸಲ್ ರಸ್ತೆ, ಕರಿದ ಮೀನಿನ ಅಂಗಡಿಯ ಮಹಡಿ.
ಒಂಬತ್ತು ವರ್ಷದಿಂದ ಇಲ್ಲಿ ಕೂತು
'ಅಡ್ಡಿಯಿಲ್ಲ' ಎಂಬ ಒಂದು ಮಾತನ್ನು
ಇನ್ನೂರು ಪದಕ್ಕೆ ಹಿಂಜುವುದು ನನ್ನ ಕಸುಬು.

ಆರಕ್ಕೇರದೆ ಮೂರಕ್ಕಿಳಿಯದೆ ಬದುಕಿದವರನ್ನು
ಊರು ಮರೆಯುತ್ತದೆ. ನನ್ನವು ಆರಕ್ಕೇರಿದವು.
ಏರಿ, ಅಲ್ಲೇ ಚಪ್ಪಲಿ ಬಿಟ್ಟು ಕೂತವು.

ಈ ತಿಂಗಳು 'ಕಂಚಿನ ಕೊಕ್ಕರೆ'.
ಆಟ ಒಂದೇ, ಯಂತ್ರ ಮೂರು, ಟಿಪ್ಪಣಿ ಒಂದೇ ಸಾಕು ಅಂದಿದ್ದಾರೆ.

ಸ್ಯಾಟರ್ನ್‌ನಲ್ಲಿ ಬರೀ ಮಂಜು.
ಹತ್ತು ಹೆಜ್ಜೆಯಾಚೆ ಲೋಕವಿಲ್ಲ. ಹಾರುವಾಗ
ಮರವೊಂದು ದಿಢೀರನೆ ಮೂಗಿನ ಮುಂದೆ ಹುಟ್ಟುತ್ತದೆ,
ಹುಟ್ಟಿದ್ದಕ್ಕೆ ತಾನೇ ಬೆಚ್ಚಿದಂತೆ ಒಮ್ಮೆ ಅದುರುತ್ತದೆ.
'ನೋಟ ದೂರ ಹೋಗದು' ಎಂದು ಬರೆದೆ. ಬರೆದು
ಸಿಗರೇಟಿಗೆಂದು ಹಂಬರ್ ದಡಕ್ಕೆ ಹೋದರೆ
ಸೇತುವೆ ಅರ್ಧಕ್ಕೇ ನಿಂತಿತ್ತು, ಆಚೆ ದಡ ಇನ್ನೂ ಬಂದಿರಲಿಲ್ಲ.
ನದಿಗೆ ಯಾರೂ ಅಂಕ ಕಳೆದಿಲ್ಲ.

ಪ್ಲೇಸ್ಟೇಷನ್ನಿನವರು ಮಂಜು ತೆಗೆದಿದ್ದಾರೆ.
ಆಗ ತಿಳಿಯಿತು, ಅದರ ಹಿಂದೆ ಏನೂ ಇರಲಿಲ್ಲ:
ಗುಡ್ಡ, ಗುಡ್ಡದ ಹಿಂದೆ ಅದೇ ಗುಡ್ಡ,
ಅದೇ ಬಿರುಕು, ಬಿರುಕಿನಲ್ಲಿ ಅದೇ ಹುಲ್ಲು.
ಸಂಗೀತ ಮಾತ್ರ ಜೋರು; ತುಂಬದ ಕೊಡ ತುಳುಕುತ್ತಿತ್ತು.

ಗೇಮ್ ಬಾಯ್‌ನಲ್ಲಿ ಗುಡ್ಡವೆಂದರೆ ಎರಡು ಗೆರೆ.
ಕೊಕ್ಕರೆ ಎಂಟು ಚುಕ್ಕೆ,
ಒಂಟಿಕಾಲಲ್ಲಿ ನಿಂತರೆ ಏಳು.

ನಾಲ್ಕನೆಯ ಕೊಳದ ಹತ್ತಿರ ಫೋನ್ ಬಂತು.
ಬಾಡಿಗೆಯ ವಿಷಯ. ಮಿಸೆಸ್ ಬ್ಲೆಂಕಿನ್ ಬೇಗ ಬಿಡುವವರಲ್ಲ.
ಮರಳಿ ಬಂದಾಗ ಕೊಕ್ಕರೆ ಕಣ್ಣು ಮುಚ್ಚಿತ್ತು.
ಕೈಪಿಡಿಯಲ್ಲಿ ಇಲ್ಲ. ಡಬ್ಬಿಯ ಬೆನ್ನ ಮೇಲೂ ಇಲ್ಲ.
ಗುಂಡಿ ಮುಟ್ಟದೆ ನಾಲ್ಕು ನಿಮಿಷ ಬಿಟ್ಟವರಿಗೆ ಮಾತ್ರ
ಏಳರಲ್ಲಿ ಒಂದು ಚುಕ್ಕೆ ಆರುತ್ತದೆ.
ಯಾರೋ, ಸಂಬಳದ ಹೊರಗೆ, ಗಡುವು ಮೀರಿದ ಯಾವುದೋ ರಾತ್ರಿ,
ಈ ಹಕ್ಕಿಗೂ ದಣಿವಾಗಿರಬಹುದು ಅಂದುಕೊಂಡಿದ್ದರು.

ಉಳಿದೆರಡರಲ್ಲೂ ಕಾದು ನೋಡಿದೆ. ಹತ್ತು ನಿಮಿಷ, ಅರ್ಧ ಗಂಟೆ.
ಅಲ್ಲಿನ ಕೊಕ್ಕರೆಗೆ ರೆಪ್ಪೆಯುಂಟು, ನಿದ್ದೆಯಿಲ್ಲ.
ಯಂತ್ರದಿಂದ ಯಂತ್ರಕ್ಕೆ ಸಾಗಿಸುವಾಗ
ಇದೊಂದನ್ನು ಕೆಳಗಿಟ್ಟು ಮರೆತಿದ್ದಾರೆ,
ರೈಲಿನಲ್ಲಿ ಕೊಡೆ ಮರೆತ ಹಾಗೆ.

ಏಳು ಕೊಡೋಣ ಅಂದೆ, ಈ ಪುಟಾಣಿಗೆ ಮಾತ್ರ.
ಸ್ಕೆಲ್ಟನ್ ಕನ್ನಡಕ ಹಣೆಗೇರಿಸಿದ: 'ಗ್ಲೆನಿಸ್,
ಏಳಕ್ಕೆ ಕಾರಣ ಬೇಕು. ಆರಕ್ಕೆ ಬೇಡ.'
ಕಾರಣ ಹೇಳಿದೆ. 'ನಿದ್ದೆ ಮಾಡುತ್ತದೆ' ಎಂದು
ಬಾಯಿಬಿಟ್ಟು ಹೇಳಿದ ಮೇಲೆ
ನನಗೂ ಅದು ಕಾರಣದಂತೆ ಕೇಳಿಸಲಿಲ್ಲ.
ನಯಲ್ ನಕ್ಕ. ಒಳ್ಳೆಯವನೇ, ಆಮೇಲೆ ಚಹಾ ತಂದುಕೊಟ್ಟ.

ಅಚ್ಚಿನ ಹೊತ್ತಿಗೆ ಶೂ ಜಾಹೀರಾತು ಎರಡು ಅಂಗುಲ ಬೆಳೆದು
ನನ್ನ ಕೊನೆಯ ಪ್ಯಾರಾ ಹೋಯಿತು. ಕೊಳ, ಕಣ್ಣು, ನಾಲ್ಕು ನಿಮಿಷ.
ಉಳಿದದ್ದು: 'ಗುಡ್ಡಗಳು ಮತ್ತೆ ಮತ್ತೆ ಅವೇ. ನಿಯಂತ್ರಣ ಅಡ್ಡಿಯಿಲ್ಲ.'
ಮೂರು ಯಂತ್ರಕ್ಕೂ ಸಾಲಾಗಿ ಆರು, ಆರು, ಆರು.

ಎಲ್ಲರೂ ಹೋಗಿದ್ದಾರೆ. ಕೆಳಗೆ ಬಾಣಲೆಯ ಎಣ್ಣೆ ಆರುತ್ತಿದೆ.
ಮೊಣಕಾಲ ಮೇಲೆ ಯಂತ್ರ; ಬ್ಯಾಟರಿಯ ಕೆಂಪು ದೀಪ ಸಣ್ಣಗಾಗಿದೆ.
ಕೊಳದ ಬದಿ ಹಕ್ಕಿ.
ನಾನೂ ಏನನ್ನೂ ಮುಟ್ಟದೆ ಕೂತೆ, ಇಬ್ಬರೂ ಸ್ವಲ್ಪ ಹೊತ್ತು.
ಕೊನೆಯ ಬಸ್ಸಿಗೆ ಹತ್ತು ನಿಮಿಷವಿದ್ದಾಗ
ಹೆಬ್ಬೆರಳಿಂದ ಮೆಲ್ಲಗೆ ಗುಂಡಿ ಒತ್ತಿ
ಅದಕ್ಕಷ್ಟೇ ಕೇಳುವಂತೆ ಅಂದೆ:
ಏಳು.