ಹನ್ನೆರಡು ಅರದ ಖಣ

ಮುಂಬೈಯಿಂದ ಯಲ್ಲೂಸಾ ತಂದಿದ್ದು
ಒಂದು ಕಾಗದದ ಬಾವುಟ,
ಕಡ್ಡಿಗೆ ಇನ್ನೂ ಅಂಟಿನ ವಾಸನೆ.
"ಇದರ ಹಾಂಗಽ ಖಣ ಬೇಕು, ಮುರಿಗೆಪ್ಪ.
ಈ ಸಲ ಪ್ಯಾಟ್ಯಾಗ ಬ್ಯಾರೆ ಏನೂ ಓಡೂದಿಲ್ಲ."

ಅಪ್ಪ ಕುಣಿಯೊಳಗೆ ಕಾಲು ಇಳಿಬಿಟ್ಟು
ಚಕ್ರದ ಅರ ಎಣಿಸಿದ: ಇಪ್ಪತ್ತನಾಲ್ಕು.
ಆನಿಹೆಜ್ಜಿ ನೇಯ್ದ ಮಗ್ಗ ಅದು,
ತುಳಸಿ ಎಲೆ, ಗುಡಿಯ ಕಳಸ ಬಲ್ಲ ಮಗ್ಗ;
ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ
ನೀಲಿ ಎಳೆ ಎಷ್ಟಂತ ಕೂತಾವು?
ನಾನು ಪಕ್ಕದಲ್ಲೇ ಕಂಡಿಕೆ ಸುತ್ತುತ್ತಿದ್ದೆ, ಏಳು ವರ್ಷದವಳು.
ಮೂರು ರಾತ್ರಿ ಕಟ್ಟಿದ, ಮೂರು ರಾತ್ರಿ ಬಿಚ್ಚಿದ,
ಕಡೆಗೆ ಹನ್ನೆರಡಕ್ಕೆ ನಿಂತ.
"ಉಳಿದವು ತಿರುಗುವಾಗ ಕಾಣೂದಿಲ್ಲ, ಬಿಡು."

ಮೇಲೆ ಕೇಸರಿ ದಡಿ, ಕೆಳಗೆ ಹಸಿರು ದಡಿ,
ನಡುವೆ ಬಿಳಿ.
ಆ ಬಿಳಿಯ ಬಗ್ಗೆ ಯಾರೂ ಯೋಚಿಸಿರಲಿಲ್ಲ.

ಗುಳೇದಗುಡ್ಡದ ಸಂತೆಯಲ್ಲಿ ಹೆಂಗಸರು
ಮಡಿಕೆ ಬಿಚ್ಚಿ "ಚಲೋ ಐತಿ" ಅಂದರು,
ಗಾಲಿ ಸವರಿದರು, ಮತ್ತೆ
ಮೂಲೆಗೆ ಮೂಲೆ ಕೂಡಿಸಿ ಮಡಚಿಟ್ಟರು.
ಬಿಳಿ ಖಣ ಮುತ್ತೈದೆಯ ಉಡಿಗೆ ಹೇಗೆ ಹಾಕುವುದು?
ಉತ್ತತ್ತಿ, ಅಡಿಕೆ, ಬಟ್ಟಲು ಕೊಬ್ಬರಿ
ಇದರ ಮೇಲೆ ಹೇಗೆ ಕೂರುವುದು?
ನಲವತ್ತು ಖಣ ಗಂಟು ಕಟ್ಟಿಕೊಂಡು ವಾಪಸು ಬಂದವು.
ಯಲ್ಲೂಸಾ ನೂಲಿನ ಲೆಕ್ಕವನ್ನು
ಅಪ್ಪನ ಹೆಸರಿಗೇ ಬರೆದ.

ಆಗ ಕಲ್ಲವ್ವಜ್ಜಿ, ಅಪ್ಪನ ಅವ್ವ,
ಗಂಟಿನ ಹತ್ತಿರ ಬಂದು ಕೂತಳು.
ಇಪ್ಪತ್ತೆಂಟು ವರ್ಷ ಲಾಳಿಯ ಸದ್ದಿನಲ್ಲೇ ಮಲಗಿ ಎದ್ದವಳು,
ಮನೆ ತುಂಬ ಖಣ, ಮೈಗೆ ಮಾತ್ರ
ಹಳೆ ಸೀರೆ ಹರಿದು ಹೊಲಿದ ಕುಪ್ಪಸ.
"ಬಿಳಿ ಅಂದ್ರ ನನಗ ನಡೀತದಲ್ಲೋ" ಅಂದಳು.
ಅಪ್ಪ ಮಾತಾಡಲಿಲ್ಲ.
ಅವ್ವ ಕತ್ತರಿ ತಂದಳು.

ಮರುವರ್ಷ, ಕನ್ನಡ ಶಾಲೆಯ ಅಂಗಳ.
ಹಗ್ಗ ಸಿಕ್ಕಿ, ಬಾವುಟ ಅರ್ಧಕ್ಕೇ ನಿಂತು,
ಜವಾನ ಬೈದುಕೊಳ್ಳುತ್ತ ಕಂಬ ಹತ್ತಿದ.
ಆ ಹೊತ್ತಿನಲ್ಲೇ ಮಾಸ್ತರರ ಕಣ್ಣು
ಹಿಂದಿನ ಸಾಲಿಗೆ ಹೋಯಿತು.
"ಅಜ್ಜಿ, ರಾಷ್ಟ್ರಧ್ವಜ ಮೈಮ್ಯಾಲೆ ಹಾಕ್ಕೋಬಾರದು."
"ಧ್ವಜ ಅಲ್ರಿ ಇದು. ಹನ್ನೆರಡಽ ಅರ ಅದಾವು. ಎಣಿಸ್ರಿ."

ಸೆರಗು ಸರಿಸಿ ತೋಳು ಚಾಚಿದಳು.
ಮಾಸ್ತರರು ಕನ್ನಡಕ ಏರಿಸಿ, ನಿಜವಾಗಿಯೂ,
ಬಗ್ಗಿ ಎಣಿಸತೊಡಗಿದರು.
ಏಳಕ್ಕೆ ಬಂದಾಗ ಮೇಲೆ ಗಂಟು ಬಿಚ್ಚಿತು,
ಚೆಂಡು ಹೂವಿನ ಎಸಳು ನಮ್ಮ ತಲೆ ಮೇಲೆ ಬಿದ್ದವು,
ಎಲ್ಲರ ಕೈ ಹಣೆಗೆ ಹೋದವು.
ಅಜ್ಜಿಯದೂ.
ಮೊಳಕೈ ಮಡಚಿದ ಕಡೆ
ಗಾಲಿ ಸುಕ್ಕಿನೊಳಗೆ ಹೋಯಿತು.