ಅಂದಾಜು ಪಟ್ಟಿ

ಕರಿ ರಟ್ಟಿನ ಪುಸ್ತಕ, ಎಡಗಡೆ ಹಾಳೆ:
ಶಿಡ್ಲಘಟ್ಟ, ಜೈತೂನಬಿ, ಹೊಸ ಮನೆ, ಅಡುಗೆ ಕಟ್ಟೆ.
ಉದ್ದ ಆರಡಿ, ಅಗಲ ಎರಡು.
ನಾನು ತಗಡಿನ ಆಚಾರಿ. ಮೂವತ್ತು ವರ್ಷ
ರೇಷ್ಮೆ ಬಿಚ್ಚುವವರಿಗೆ ಬೇಸಿನ್ನು ಬಡಿದವನು,
ತೂತಾದ ಹಂಡೆಗೆ ತೇಪೆ ಹಾಕಿದವನು.
ಕಟ್ಟೆ ಕೇಳಿಕೊಂಡು ನನ್ನ ಅಂಗಡಿಗೆ
ಯಾರೂ ಬಂದಿರಲಿಲ್ಲ.

'ಅಮ್ಮಾ, ಈ ಸೀಮೆಯಲ್ಲಿ ಎಲ್ಲಿ ಎಡವಿದರೂ ಕಲ್ಲು.
ಬೆಟ್ಟ ಸೀಳಿ, ಲಾರಿ ತುಂಬಿ, ಊರೂರಿಗೆ ಕಳಿಸುತ್ತೇವೆ.
ಚದರಡಿಗೆ ನೂರ ಎಂಬತ್ತು, ಪಾಲಿಶ್ ಸೇರಿ.
ಎರಡು ಸಾವಿರದ ನೂರ ಅರವತ್ತಕ್ಕೆ
ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ
ಅದರ ಮೇಲೆ ರೊಟ್ಟಿ ತಟ್ಟಬಹುದು.'

ಆಕೆ ತಲೆಯಾಡಿಸಿದಳು, ಒಪ್ಪಿದವಳಂತೆ.
ಆಮೇಲೆ ಅಂದಳು: 'ತಾಮ್ರದ್ದು ಬರೀರಿ.'

ಬರೆದೆ.
ತಗಡು, ಹದಿನೆಂಟು ಗೇಜು.
ಚದರಡಿಗೆ ಒಂದು ಕೇಜಿ ಅಂತ ಕಣ್ಣು ಮುಚ್ಚಿ ಹಿಡಿಯಬಹುದು:
ಹನ್ನೆರಡು. ಮುಂದಿನ ಮಡಿಕೆಗೆ ಒಂದು.
ಗೋಡೆಗೆ ಒರಗುವ ಪಟ್ಟಿಗೆ ಒಂದು.
ಹದಿನಾಲ್ಕು ಕೇಜಿ, ಸಾವಿರದ ನೂರರ ಹಾಗೆ,
ಇದು ಇವತ್ತಿನ ದರ, ನಾಳೆಯದು ನನಗೂ ಗೊತ್ತಿಲ್ಲ.
ಗೂಡಿನ ಮಾರ್ಕೆಟ್ಟಿಗೆ ದಿನಾ ಹೋಗುವವಳಿಗೆ
ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.
ಹದಿನೈದು ಸಾವಿರದ ನಾನೂರು.
ಕೆಳಗೆ ನೀರು ಕುಡಿಯದ ಪ್ಲೈವುಡ್ಡು, ಸಾವಿರದ ಐನೂರ ಅರವತ್ತು.
ಬಸ್ಸಿನ ಟಾಪಿನ ಮೇಲೆ ಬೆಂಗಳೂರಿನಿಂದ ತರಿಸಲು ನಾನೂರು.
ಮಡಚುವುದು, ಬೆಸುಗೆ, ಮೂಲೆ ತಟ್ಟುವುದು, ನನ್ನ ಕೂಲಿ
ಐದು ಸಾವಿರ. ಇಲ್ಲಿ ಪೆನ್ನು ಒಂದು ಗಳಿಗೆ ತಡೆಯಿತು,
ಮಗಳು ಬೈದಾಳೆಂದು ಹಾಗೇ ಬಿಟ್ಟೆ.
ಒಟ್ಟು ಇಪ್ಪತ್ತೆರಡು ಸಾವಿರದ ಮುನ್ನೂರ ಅರವತ್ತು.

ಪಟ್ಟಿಗೆ ಸೇರದ್ದನ್ನೂ ಹೇಳಬೇಕಲ್ಲ, ಹೇಳಿದೆ.
ಹೊಳಪು ಒಂದು ವಾರ. ಆಮೇಲೆ ಕಂದು, ಆಮೇಲೆ ಕಪ್ಪು.
ನಿಂಬೆ ಹೋಳು ಬಿದ್ದಲ್ಲಿ ಕೆಂಪು ಚುಕ್ಕೆ,
ಬಿಸಿ ಪಾತ್ರೆ ಇಟ್ಟಲ್ಲಿ ಉಂಗುರ.
ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದರೆ ಮದುಮಗಳು,
ಬಿಟ್ಟರೆ ಅತ್ತೆ.
'ಎಲ್ಲಕ್ಕಿಂತ ಕೆಟ್ಟದ್ದು, ಮುಟ್ಟಿದರೆ ಸಾಕು,
ಬೆರಳಚ್ಚು ಕೂತುಬಿಡುತ್ತೆ.
ದುಡ್ಡಿದ್ದವರೂ ಬೇಡ ಅನ್ನುವುದು ಇದಕ್ಕೇ.'

'ಕೂರುತ್ತಾ?' ಅಂದಳು.
ಎರಡೂ ಕೈ ಮೇಜಿನ ಮೇಲೆ ಅಂಗಾತ ಇಟ್ಟಳು.

ಇಪ್ಪತ್ತಾರು ವರ್ಷ ಕುದಿನೀರಲ್ಲಿ ಗೂಡು ತಿರುವಿ
ಎಳೆಯ ತುದಿ ಹುಡುಕಿದ ಬೆರಳು.
ಬೆಳ್ಳಗೆ, ನುಣ್ಣಗೆ, ಹಿದುಕಿದ ಅವರೆಕಾಳಿನ ಹಾಗೆ.
ಗೆರೆಯೇ ಇಲ್ಲ.

'ರೇಷನ್ ಅಂಗಡಿ ಮಿಷನ್ನು ನನ್ನ ಒಪ್ಪಲ್ಲ, ಆಚಾರ್ರೇ.
ಹೆಬ್ಬೆಟ್ಟು ಒತ್ತು ಅಂತಾನೆ, ಒತ್ತುತೀನಿ.
ಒರೆಸು ಅಂತಾನೆ, ಸೆರಗಲ್ಲಿ ಒರೆಸುತೀನಿ.
ಇನ್ನೊಂದು ಬೆರಳು. ಇನ್ನೊಂದು. ಹತ್ತೂ ಮುಗೀತು.
ಹಿಂದೆ ನಿಂತವರು ಚೀಲ ಝಾಡಿಸ್ತಾರೆ.
ಮನೆ ರಿಜಿಸ್ಟ್ರಿಗೆ ಹೋದರೆ ಮೂರು ಸಲ ವಾಪಸ್ಸು ಕಳಿಸಿದರು,
ನೀನೇ ನೀನು ಅನ್ನೋದಕ್ಕೆ ಏನು ಗುರುತು, ಅಂತ.'

ಕಿಟಕಿಯಲ್ಲಿ ಒಂದು ತಾಮ್ರದ ತುಂಡಿತ್ತು,
ಯಾರದೋ ಹಂಡೆಯ ತಳ, ಮೊನ್ನೆ ಬೆಳಗಿದ್ದು.
ಮುಂದೆ ತಳ್ಳಿದೆ.
ಒತ್ತಿದಳು, ಮಿಷನ್ನಿಗೆ ಒತ್ತುವ ಹಾಗೇ, ಉಸಿರು ಹಿಡಿದು.
ತೆಗೆದಳು.
ಸುಳಿ ಇಲ್ಲ, ಗೆರೆ ಇಲ್ಲ. ಒಂದು ಮಸುಕು,
ಗೂಡಿನಷ್ಟು ಉದ್ದ, ಗೂಡಿನಷ್ಟೇ ದುಂಡು.
ಇಬ್ಬರೂ ಬಾಗಿ ನೋಡಿದೆವು.
ಅದು ಆರಲಿಲ್ಲ.

ಇದನ್ನು ಬೆರಳಚ್ಚು ಅನ್ನೋದಿಲ್ಲ, ಅಮ್ಮಾ,
ಅಂತ ಕಸುಬಿನವನು ಹೇಳಬೇಕು. ಹೇಳಲಿಲ್ಲ.
ಆಕೆ ಪುಸ್ತಕ ತನ್ನ ಕಡೆ ತಿರುಗಿಸಿಕೊಂಡು
ಅಂಕಿಗಳ ಮೇಲೆ ಆ ಬೆರಳು ಓಡಿಸಿ
ಪ್ಲೈವುಡ್ಡಿನ ಹತ್ತಿರ ನಿಲ್ಲಿಸಿ
'ಇದರಲ್ಲಿ ಅರವತ್ತು ಬಿಡಿ' ಅಂದಳು.
ಬಿಟ್ಟೆ.

ಮುಂಗಡ ಮೂರು ಸಾವಿರ. ಮಿಕ್ಕದ್ದು ವಾರ ವಾರ,
ನೂಲು ಮಾರಿದ ದಿನ.
ಗಿರಾಕಿಯ ಸಹಿ ಎಂಬ ಗೆರೆಯ ಮೇಲೆ ಏನೂ ಇಲ್ಲ.
ಮಗಳು ಕೇಳಿದರೆ
ಕಿಟಕಿಯ ತಾಮ್ರ ತೋರಿಸುತ್ತೇನೆ.
ಆವತ್ತಿನಿಂದ ಅದನ್ನು ಬೆಳಗಿಲ್ಲ.